ಜೀರಿಗೆ ಬೆಡಗಿನ ಮಗಳು

ಮಕ್ತಲ್‌ನ ಕುರುಬರ ಓಣಿಗೆ ಹೊಸ ಮುಖ ಬಂದರೆ ಮೊದಲು ನಾಯಿಗಳು ಬೊಗಳುತ್ತವೆ, ಆಮೇಲೆ ಜನ ಪ್ರಶ್ನೆ ಕೇಳುತ್ತಾರೆ. ನಾಯಿಗಳಾದರೆ ಎರಡು ದಿನಕ್ಕೆ ಸುಮ್ಮನಾಗುತ್ತವೆ.

ಬೀರಯ್ಯನ ಮಗ ಮೈಲಾರಲಿಂಗ ಪುಣೆಯಿಂದ ಹೆಂಡತಿಯನ್ನು ಕರೆತಂದದ್ದು ತೆಲಂಗಾಣ ರಾಜ್ಯವಾದ ವಾರವೇ. ಮಕ್ತಲ್ ಆ ಹೊಸ ರಾಜ್ಯದ ಗಡಿಯ ಊರು; ಬಸ್ ಸ್ಟ್ಯಾಂಡಿನ ನೆಲದ ಮೇಲೆ ಮೆರವಣಿಗೆಯ ಗುಲಾಲು ಇನ್ನೂ ಅಳಿಸಿರಲಿಲ್ಲ. ಪುಣೆಯಲ್ಲಿ ಅವನು ಟೈಲ್ಸ್ ಕೂಡಿಸುವ ಕೆಲಸ ಮಾಡುತ್ತಿದ್ದ. ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿ ಕುರಿಯ ಹಿಂದೆ ನಡೆಯಲು ಆಗದಂತಾದ ಮೇಲೆ ಮರಳಿ ಬಂದ. ಹೆಂಡತಿಯ ಹೆಸರು ಧನಮಾಯಾ. ನೇಪಾಳದ ಬೆಟ್ಟದ ಊರಿನವಳು, ಪುಣೆಯ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಿದ್ದವಳು. ಇಬ್ಬರೂ ಗುಡಿಯಲ್ಲಿ ಹಾರ ಹಾಕಿಕೊಂಡು ವರ್ಷವಾಗಿತ್ತು. ಮನೆಯವರಿಗೆ ಗೊತ್ತಾದದ್ದು ಬಸ್ಸಿನಿಂದ ಇಳಿದ ದಿನ.

ತಾಯಿ ಮೈಲಮ್ಮ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಇದೇನೋ ಲಿಂಗಾ?"

"ಸೊಸಿ, ಅವ್ವ."

"ಸೊಸಿ ಅನ್ನೋದು ಕಾಣಾಕತ್ತೈತಿ. ಯಾವ ದೇಶದ್ದು?"

"ನೇಪಾಳ."

"ರಾಯಚೂರು, ಗದ್ವಾಲ, ನಾರಾಯಣಪೇಟಿ ಇಷ್ಟೆಲ್ಲ ಬಿಟ್ಟು ನೇಪಾಳಕ್ಕ ಹೋಗಿದ್ದೇನು ಹೆಣ್ಣು ಹುಡುಕಾಕ?"

ಒಳಗಿನಿಂದ ಬೀರಯ್ಯ, "ಬಿಸಿಲಾಗ ನಿಲ್ಲಿಸಿ ಏನು ಪಂಚಾಯ್ತಿ ಮಾಡ್ತಿ? ಒಳಗ ಬಿಡು. ಬೈಯೋದು ನೆಳ್ಳಾಗ ಬೈ" ಅಂದ. ಮೈಲಮ್ಮ ಸರಿದು ನಿಂತಳು. ಧನಮಾಯಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಹಾಗೆ ಮುಟ್ಟಬೇಕೆಂದು ಮೈಲಾರಲಿಂಗ ಬಸ್ಸಿನಲ್ಲೇ ಹೇಳಿಕೊಟ್ಟಿದ್ದ.

ಮರುದಿನದಿಂದ ಶುರುವಾಯಿತು. ನಲ್ಲಿಗೆ ಕೊಡ ಹಿಡಿದು ಹೋದರೆ ಹೆಂಗಸರು ಸಾಲು ಬಿಟ್ಟು ಸುತ್ತ ನೆರೆಯುತ್ತಿದ್ದರು.

"ಚೀನಾದಾಕಿ ಏನವಾ?"

"ನೀವು ನಾಯಿ ತಿಂತೀರಂತ, ಹೌದಾ?"

"ರಾತ್ರಿ ಸೀಟಿ ಊದ್ಕೋತ ಬರೋ ಗೂರ್ಖಾ ನಿಮ್ಮಣ್ಣೇನು?"

"ಸ್ವೆಟರ್ ಎಷ್ಟಕ್ಕ ಕೊಡ್ತಿ?"

ಸ್ವೆಟರ್ ಕೇಳಿದವಳಿಗೆ ಬೇಸಿಗೆ ಇನ್ನೂ ಮುಗಿದಿಲ್ಲ ಅನ್ನುವುದೂ ನೆನಪಿರಲಿಲ್ಲ. ಬಸ್ ಸ್ಟ್ಯಾಂಡಿನ ನೂಡಲ್ಸ್ ಬಂಡಿಯವನಂತೂ ಮೈಲಾರಲಿಂಗನನ್ನು ತಡೆದು, "ನಿನ್ನ ಹೆಂಡ್ತಿನ್ನ ಸಂಜಿಗೆ ಎರಡು ತಾಸು ನಮ್ಮ ಬಂಡಿಗೆ ಕಳಸು, ಆಕಿ ಮುಖ ನೋಡಿದ್ರ ಗಿರಾಕಿ ನಂಬ್ತಾರ" ಎಂದು ಕೇಳಿದ. ಧನಮಾಯಾಗೆ ಆಗ ಕನ್ನಡ ಅರ್ಧ ತಿಳಿಯುತ್ತಿತ್ತು. ತಿಳಿದ ಅರ್ಧಕ್ಕೇ ಕಣ್ಣಲ್ಲಿ ನೀರು ಬರುತ್ತಿತ್ತು.

ಮೈಲಮ್ಮನಿಗೂ ಸಾಕಾಯಿತು. ಒಲೆಯ ಮುಂದೆ ಪುಂಡಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕದ ಮನೆಯ ಪೆಂಟಮ್ಮ ಬಾಗಿಲಿಗೆ ಆತುಕೊಂಡು ನಿಂತಳು. ಪೆಂಟಮ್ಮನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ.

"ಹೌದೇನು ಮೈಲಮ್ಮ, ಸೊಸಿ ನಮ್ಮ ಕುಲದಾಕಿ ಅಲ್ಲಂತ?"

"ಯಾರಂದ್ರು? ಕೊಲ್ಲಾಪುರದ ಕಡಿ ಕುರಿಗಾರರ ಹುಡುಗಿ. ಕುರಿ ಹಿಂದ ಊರೂರು ತಿರಗಿದ ಮಂದಿ. ಅದಕ ಮಾತು ಹಂಗ, ಮೈಬಣ್ಣ ಹಂಗ."

"ಮತ್ತ ಬೆಡಗು ಯಾವುದು?"

ಹಾಲುಮತದ ಕುರುಬರಲ್ಲಿ ಬೆಡಗು ಕೇಳದೆ ನೀರೂ ಕುಡಿಯುವುದಿಲ್ಲ. ಕುಲದೊಳಗಿನ ಕವಲು ಅದು. ಒಂದೇ ಬೆಡಗಿನವರೆಲ್ಲ ಅಣ್ಣ ತಂಗಿಯರು, ಬೇರೆ ಬೆಡಗಿನವರು ಬೀಗರು. ಬೆಡಗಿಲ್ಲದ ಮನುಷ್ಯ ಅಂದರೆ ಗುರುತು ಹಾಕದ ಕುರಿ ಇದ್ದ ಹಾಗೆ, ಯಾರ ಹಿಂಡಿಗೂ ಸೇರದು. ಮೈಲಮ್ಮನ ಬೆರಳಲ್ಲಿ ಆಗ ಒಗ್ಗರಣೆಗೆ ಹಿಡಿದ ಜೀರಿಗೆ ಇತ್ತು.

"ಜೀರಿಗಿ ಬೆಡಗು" ಅಂದುಬಿಟ್ಟಳು.

"ಹೌದಾ!" ಪೆಂಟಮ್ಮನ ಕಣ್ಣು ಅರಳಿತು. "ಗಟ್ಟು ಊರಾಗ ನಮ್ಮಕ್ಕ ಮಹಾಂತಮ್ಮನ ಗಂಡನ ಮನಿಯವರದೂ ಜೀರಿಗಿ ಬೆಡಗ! ಹಂಗಾದ್ರ ಈಕಿ ಆ ಮನಿ ಮಗಳಾದಳು ನೋಡು."

ಒಗ್ಗರಣೆ ಸೀದ ವಾಸನೆ ಬಂತು.

ಮೈಲಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು. ಪೆಂಟಮ್ಮ ಬಿಡಬೇಕಲ್ಲ! ಹತ್ತು ದಿನ ಕಳೆಯುವಷ್ಟರಲ್ಲಿ ಗಟ್ಟಿನಿಂದ ಸಂಬಂಧ ಹಿಡಿದುಕೊಂಡು ಬಂದಳು. ಮಹಾಂತಮ್ಮನ ಮಗ ನರೇಂದ್ರ, ಸ್ವಂತ ಆಟೊ ಓಡಿಸುವ ಹುಡುಗ, ಕುಡಿಯುವ ಚಟವಿಲ್ಲ. ಮೈಲಮ್ಮನ ಮಗಳು ಅಖಿಲಾಗೆ ಎರಡು ವರ್ಷದಿಂದ ಗಂಡು ನೋಡುತ್ತಿದ್ದರು. ಬಂದವರೆಲ್ಲ ಬಣ್ಣ ಕಡಿಮೆ, ಎತ್ತರ ಹೆಚ್ಚು ಅಂತ ನೆಪ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಈ ಮನೆಯವರು ತಾವಾಗಿಯೇ ಕೇಳುತ್ತಿದ್ದಾರೆ. ಕಾರಣ ಒಂದೇ: "ನಮ್ಮ ಬೆಡಗಿನ ಮಗಳು ನಿಮ್ಮ ಮನಿಯಾಗ ಅದಾಳ. ನಿಮ್ಮ ಮಗಳು ನಮ್ಮ ಮನಿಗೆ ಬರಲಿ. ಕೊಟ್ಟು ತಂದ ಬೀಗತನ ಗಟ್ಟಿ."

ಅಖಿಲಾ ನರೇಂದ್ರನ ಫೋಟೊ ನೋಡಿದಳು. ಅವತ್ತು ಎರಡು ಸಲ ತಲೆ ಬಾಚಿಕೊಂಡಳು.

ಗಟ್ಟಿನವರು ಬರುವ ಹಿಂದಿನ ದಿನ ಮೈಲಮ್ಮ ಸೊಸೆಯನ್ನು ಕೂರಿಸಿ ಪಾಠ ಹೇಳಿದಳು. "ಊರು ಕೊಲ್ಲಾಪುರ. ಬೆಡಗು ಜೀರಿಗಿ. ಹೆಚ್ಚು ಮಾತಾಡಬ್ಯಾಡ, ಬಾಯಿ ಬಿಟ್ರ ಬಣ್ಣಗೇಡು. ಅಪ್ಪ ಇಲ್ಲ."

"ಅಪ್ಪ ಇಲ್ಲ" ಅಂದಳು ಧನಮಾಯಾ. ಅದು ನಿಜವಾಗಿತ್ತು.

"ಅವ್ವ ಇಲ್ಲ."

ಧನಮಾಯಾ ಅತ್ತೆಯ ಮುಖವನ್ನೇ ನೋಡಿದಳು.

"ಅನ್ನು. ಇಲ್ಲಂದ್ರ ನಿನ್ನವ್ವ ಎಲ್ಲಿ ಅದಾಳ, ಲಗ್ನಕ್ಕ ಬರ್ತಾಳೇನು, ನಾವ ಹೋಗಿ ಕಾಣತೀವಿ ಅಂತಾರ. ಯಾವ ಕೊಲ್ಲಾಪುರಕ್ಕ ಕರ್ಕೊಂಡು ಹೋಗ್ಲಿ ನಾನು?"

"ಅವ್ವ ಅದಾಳ, ಅತ್ತಿ. ಪ್ರತಿ ಶನಿವಾರ ಫೋನ್ ಮಾಡ್ತಾಳ."

"ಗೊತ್ತೈತಿ. ಬದುಕಿದಾಕಿನ್ನ ಸತ್ತಾಳ ಅಂದ್ರ ಆಯುಷ್ಯ ಹೆಚ್ಚತೈತಿ, ನಮ್ಮ ಹಿರೇರು ಹೇಳ್ತಾರ. ಆಕಿಗೆ ಒಳ್ಳೇದ ಆಗತೈತಿ. ಇನ್ನು ಮುಂದ ನಾನ ನಿನ್ನವ್ವ ಅಂತ ತಿಳ್ಕೊ."

ಅಖಿಲಾ ಬಂದು ಅತ್ತಿಗೆಯ ಪಕ್ಕ ಕೂತಳು. ಆ ಮನೆಯಲ್ಲಿ ಧನಮಾಯಾಳ ಹೆಸರನ್ನು ಪೂರ್ತಿ ಕರೆಯುತ್ತಿದ್ದವಳು ಅವಳೊಬ್ಬಳೇ. ಉಳಿದವರಿಗೆ ಆಕೆ ಮಾಯವ್ವ. "ಧನಮಾಯಾ ವೈನಿ, ಲಗ್ನ ಆಗೋ ತನಕ ಅಷ್ಟ. ಆಮ್ಯಾಲೆ ನಾನ ಹೇಳ್ತೀನಿ ಅವರಿಗೆ. ನನ್ನ ಸಲುವಾಗಿ" ಅಂದಳು. ಅವಳ ಕೈ ಅತ್ತಿಗೆಯ ಸೆರಗು ಹಿಡಿದಿತ್ತು. ಧನಮಾಯಾ ಆ ಕೈಯನ್ನು ನೋಡಿದಳು, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಮೈಲಾರಲಿಂಗ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಬಿಡಲು ಹೋದ.

ಮಹಾಂತಮ್ಮ ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ಬಂದವಳೇ ಅಖಿಲಾಳನ್ನು ನೋಡುವ ಮೊದಲು ಧನಮಾಯಾಳ ಗಲ್ಲ ಹಿಡಿದಳು. ಗಂಡ ಭೀಮಯ್ಯ ಹಿಂದೆ ನಿಂತು ನಗುತ್ತಿದ್ದ.

"ನಮ್ಮ ಮನಿ ಮಗಳು! ಎಲ್ಲಿ ಹುಟ್ಟಿ ಎಲ್ಲಿ ಬಂದಿ! ನಿಮ್ಮವ್ವ ಯಾವಾಗ ತೀರಿದಳವ್ವ?"

ಕೋಣೆಯಲ್ಲಿ ಎಲ್ಲರೂ ಕಾದರು. ಅಖಿಲಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಸಣ್ಣಾಕಿ ಇದ್ದಾಗ" ಅಂದಳು ಧನಮಾಯಾ.

ಮಹಾಂತಮ್ಮ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ಅತ್ತೇಬಿಟ್ಟಳು. ಧನಮಾಯಾಳೂ ಅತ್ತಳು. ಆ ಅಳು ಕಂಡು ಬೀಗರಿಗೆ ಸಂಬಂಧ ಇನ್ನಷ್ಟು ಗಟ್ಟಿಯೆನಿಸಿತು. ದೀಪಾವಳಿ ಕಳೆದ ಮೇಲೆ ಲಗ್ನ ಎಂದು ಮಾತಾಯಿತು.

ಅವತ್ತು ಸಂಜೆಯೇ ಮೈಲಮ್ಮ ಸೊಸೆಯ ಫೋನು ತೆಗೆದುಕೊಂಡು ಜೋಳದ ಡಬ್ಬಿಯೊಳಗೆ ಇಟ್ಟಳು. ಆ ಭಾಷೆ ಪೆಂಟಮ್ಮನ ಕಿವಿಗೆ ಬಿದ್ದರೆ ಕಥೆ ಮುಗಿಯಿತು. ನಲ್ಲಿಗೆ ಹೋಗುವುದೂ ನಿಂತಿತು, ಸಂತೆಗೆ ಹೋಗುವುದೂ ನಿಂತಿತು. ಧನಮಾಯಾಳ ಲೋಕ ಅಡುಗೆಮನೆ, ಹಿತ್ತಲು, ಕುರಿ ಹಟ್ಟಿ ಇಷ್ಟೇ ಆಯಿತು. ಬ್ಯಾಟರಿ ಇರುವ ತನಕ ಶನಿವಾರ ಸಂಜೆ ಡಬ್ಬಿಯೊಳಗೆ ಫೋನು ಗುರುಗುಟ್ಟುತ್ತಿತ್ತು. ಧನಮಾಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಡಬ್ಬಿಯ ಕಡೆ ನೋಡುತ್ತಿದ್ದಳು. ಮೈಲಮ್ಮ ಸೊಸೆಯ ಕಡೆ ನೋಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು.

ಒಂದು ಶನಿವಾರ ಊಟಕ್ಕೆ ಕೂತಾಗ ಬೀರಯ್ಯ ತುತ್ತು ಕೈಯಲ್ಲಿ ಹಿಡಿದೇ ಕೇಳಿದ. "ಆ ಫೋನ್ ಎಷ್ಟು ದಿನ ಜ್ವಾಳ ತಿನ್ನಬೇಕು?"

"ಲಗ್ನ ಆಗೋ ತನಕ" ಅಂದಳು ಮೈಲಮ್ಮ.

"ಅಲ್ಲಿ ಹಡೆದಾಕಿ ಏನು ತಿಳ್ಕೋಬೇಕು?"

"ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ನಾ ಇನ್ನ ನಾಕೈದು ಹೇಳೀನಿ ಅಷ್ಟ. ನಿಮ್ಮ ಮಗಳಿಗೆ ಇನ್ನೊಂದು ಗಂಡು ನೀವು ತರ್ತೀರೇನು?"

ಬೀರಯ್ಯನ ಹತ್ತಿರ ಗಂಡು ಇರಲಿಲ್ಲ. ಮಗನ ಕಡೆ ತಿರುಗಿ, "ನೀ ಏನಾರ ಅನ್ನೋ. ನಿನ್ನ ಹೆಂಡ್ತಿ" ಅಂದ.

ಮೈಲಾರಲಿಂಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಾ ಹಟ್ಟ್ಯಾಗ ನನ್ನ ಫೋನಿಂದ ಒಮ್ಮೆ ಮಾತಾಡಿಸೀನಿ. ಚಲೋ ಅದಾಳ ಅಂತ ಹೇಳೀನಿ."

"ಹತ್ತು ನಿಮಿಷ" ಅಂದಳು ಧನಮಾಯಾ ಒಲೆಯ ಕಡೆಯಿಂದ. "ಅವ್ವ ಅಳಾಕತ್ತಿದ್ಲು. ಪೆಂಟಮ್ಮ ಹಿತ್ತಲಕ್ಕ ಬಂದ್ಲು. ನಾ ಕಟ್ ಮಾಡಿದೆ." ಮತ್ತೆ ಒಂದು ಮಾತು ಸೇರಿಸಿದಳು. "ನನ್ನವ್ವ ಕೇಳಿದ್ಲು, ಅಲ್ಲಿಯ ಮಂದಿ ನಿನ್ನ ಹೊಡೀತಾರೇನು ಅಂತ. ಆಕಿಗೂ ನಿಮ್ಮ ಬಗ್ಗೆ ಪ್ರಶ್ನೆ ಅದಾವ."

ಪುಂಡಿ ಪಲ್ಯ ಎರಡನೇ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ.

ನಾಗರ ಪಂಚಮಿ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ. ಗಟ್ಟಿನಿಂದ ನರೇಂದ್ರ ಆಟೊ ತಗೊಂಡು ಬಂದೇಬಿಟ್ಟ, "ಅಕ್ಕನ್ನ ಕರಕೊಂಡು ಬಾ ಅಂದಾಳ ಅವ್ವ" ಎಂದು. ಅಕ್ಕ ಅಂದರೆ ಧನಮಾಯಾ. ಒಲ್ಲೆ ಅನ್ನುವ ದಾರಿ ಇರಲಿಲ್ಲ. ಕೃಷ್ಣೆಯ ಜೂರಾಲ ಅಣೆಕಟ್ಟೆ ದಾಟಿ, ಗದ್ವಾಲ ದಾಟಿ ಗಟ್ಟಿಗೆ ಹೋದಳು. ಅಲ್ಲಿ ಮಹಾಂತಮ್ಮ ಎಣ್ಣೆ ಹಚ್ಚಿ ಎರೆದಳು, ಬೇವಿನ ಮರದ ಜೋಕಾಲಿಯಲ್ಲಿ ಕೂರಿಸಿ ತೂಗಿದಳು, ತಂಬಿಟ್ಟು ಬಾಯಿಗೆ ಹಾಕಿದಳು, ಉಡಿ ತುಂಬಿದಳು. ಊರಿಗೆಲ್ಲ ತೋರಿಸಿದಳು: "ನಮ್ಮ ಬೆಡಗಿನ ಮಗಳು, ತಾಯಿಲ್ಲದ ಕೂಸು." ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: ತಾಯಿಗೆ ಏನಾಗಿತ್ತು? ಜ್ವರ ಅಂದಳು. ಒಬ್ಬಳಿಗೆ ಹಾವು ಅಂದಳು. ಒಂದು ಹಬ್ಬದಲ್ಲಿ ತಾಯಿಯನ್ನು ಎರಡು ಬಗೆಯಲ್ಲಿ ಕೊಂದು ಮಕ್ತಲ್‌ಗೆ ಮರಳಿದಳು.

"ಹ್ಯಾಂಗ ನೋಡ್ಕೊಂಡ್ರು?" ಅಖಿಲಾ ಆಸೆಯಿಂದ ಕೇಳಿದಳು.

"ಭಾಳ ಚಲೋ" ಅಂದಳು ಧನಮಾಯಾ. "ಅದ ಕಷ್ಟ. ಬೈದಿದ್ರ ಸುಳ್ಳು ಹೇಳಾಕ ಹಗುರಾಗತಿತ್ತು."

ಆಗಸ್ಟ್ ತಿಂಗಳಲ್ಲಿ ಸರ್ಕಾರದ ಸರ್ವೆ ಬಂತು. ಒಂದೇ ದಿನ ರಾಜ್ಯದ ಎಲ್ಲ ಮನೆಯವರನ್ನೂ ಎಣಿಸುವುದು, ಎಲ್ಲರೂ ಮನೆಯಲ್ಲೇ ಇರಬೇಕು. ಅಂಗಡಿ ಮುಚ್ಚಿದ್ದವು, ಬಸ್ಸು ನಿಂತಿದ್ದವು. ಇಡೀ ಊರು ಅವತ್ತೊಂದು ದಿನ ಧನಮಾಯಾಳಂತೆ ಒಳಗೆ ಕೂತಿತ್ತು. ಮಧ್ಯಾಹ್ನ ಒಬ್ಬ ಎಳೆಯ ಮೇಷ್ಟ್ರು ಬಂದ. ಮೈಲಮ್ಮ ಕನ್ನಡದಲ್ಲಿ ಕುರ್ಚಿ ತರಲು ಹೇಳಿದ್ದು ಕೇಳಿ ತೆಲುಗಿನಲ್ಲಿ ಕೇಳಿದ.

"ಮೀರು ಕರ್ನಾಟಕ ವಾಳ್ಳಾ? ಇಕ್ಕಡಿಕಿ ಎಪ್ಪುಡು ವಚ್ಚಿನ್ರು?"

ನೀವು ಕರ್ನಾಟಕದವರೇ, ಇಲ್ಲಿಗೆ ಯಾವಾಗ ಬಂದಿರಿ ಎಂಬ ಆ ಮಾತಿಗೆ ಮೈಲಮ್ಮನ ಮೈ ಉರಿದುಹೋಯಿತು. ಅವಳ ತವರು ನದಿಯಾಚೆ ರಾಯಚೂರು ಸೀಮೆಯ ದೇವಸೂಗೂರು. "ಯಾವಾಗ ಬಂದ್ನಾ? ನಿಮ್ಮವ್ವನ ಲಗ್ನ ಆಗೋಕಿಂತ ಮೊದಲ ಬಂದೀನಿ! ಮಕ್ಕಳನ್ನ ಇಲ್ಲೇ ಹಡದೀನಿ, ಇಲ್ಲೇ ಮುಪ್ಪಾಗೀನಿ, ಇನ್ನೂ ನಾ ಯಾವ ಊರಾಕಿ ಅಂತ ಕೇಳ್ತೀರಿ?"

ಬೀರಯ್ಯ ನಡುವೆ ಬಂದ. "ಸಾರ್, ನಿಜಾಮನ ಕಾಲದಾಗ ದೇವಸೂಗೂರು, ಮಕ್ತಲ್ ಎಲ್ಲಾ ಒಂದ ಮುಲ್ಕ್. ನದಿ ಅಲ್ಲೇ ಐತಿ, ನಾವೂ ಇಲ್ಲೇ ಅದೀವಿ. ಗೆರಿ ಮಾತ್ರ ತಿರಗಾಡತೈತಿ. ನೀವು ಬರ್ಕೋರಿ."

ಮೇಷ್ಟ್ರು ತಲೆ ತಗ್ಗಿಸಿ ಬರೆದುಕೊಂಡ. ಆಮೇಲೆ ಧನಮಾಯಾಳ ಕಡೆ ನೋಡಿ, "ಈಮೆ ಮುಖಂ..." ಎಂದು ಶುರುಮಾಡಿದ.

"ಸೊಸಿ. ಮುಖ ಬರ್ಕೋಬ್ಯಾಡ, ಹೆಸರು ಬರ್ಕೋ" ಅಂದಳು ಮೈಲಮ್ಮ.

ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ, ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಧನಮಾಯಾ ಮೆಲ್ಲಗೆ ಅಂದಳು. "ಅತ್ತಿ, ಒಂದ ಪ್ರಶ್ನಿಗೆ ಇಷ್ಟು ಸಿಟ್ಟು ಬಂತಾ?"

ಮೈಲಮ್ಮ ಸೊಸೆಯನ್ನು ದಿಟ್ಟಿಸಿದಳು. "ಬೆಳ್ಳುಳ್ಳಿ ಸುಲಿ" ಅಂದಳು. ಆದರೆ ಆಮೇಲೆ ಪಾತ್ರೆ ಕುಕ್ಕಲಿಲ್ಲ.

ಫೋನು ಮಾತ್ರ ಡಬ್ಬಿಯಲ್ಲೇ ಉಳಿಯಿತು.

ಮಹಾನವಮಿ ಅಮಾವಾಸ್ಯೆಗೆ ನಾಲ್ಕು ದಿನ ಇದೆ ಅನ್ನುವಾಗ ಮಹಾಂತಮ್ಮನ ಕರೆ ಬಂತು. ತೆಲುಗರು ಪೆದ್ದಲ ಅಮಾಸ ಅನ್ನುವ ಆ ದಿನ ಗಟ್ಟಿನಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಹೆಸರು ಹಿಡಿದು ಕರೆದು, ಅಡುಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದು ಹೊರಗೆ ಕೂರುತ್ತಾರೆ. ಬೀರಯ್ಯನ ಮನೆಯಲ್ಲಿ ಹಿರಿಯರ ಎಡೆ ದೀಪಾವಳಿಗೆ.

"ಮಾಯವ್ವನ ತಾಯಿ ನಮ್ಮ ಬೆಡಗಿನ ಸೊಸಿ" ಅಂದಳು ಮಹಾಂತಮ್ಮ ಫೋನಿನಲ್ಲಿ. ಅವಳ ದನಿಗೆ ಸ್ಪೀಕರ್ ಬೇಕಿರಲಿಲ್ಲ. "ಗಂಡು ದಿಕ್ಕಿಲ್ಲ. ಇಷ್ಟು ವರ್ಷ ಯಾರು ಎಡಿ ಇಟ್ಟಾರ ಆಕಿಗೆ? ಹಸಿದು ತಿರಗತಿರ್ತಾಳ. ನನಗ ಊಟ ಸೇರವಲ್ದು. ಈ ಸಲ ನಮ್ಮ ಹಿರೇರ ಜೋಡಿ ಆಕಿಗೂ ಇಡ್ತೀವಿ. ಮಗಳ ಕೈಲಿ ಬಡಿಸೋಣ. ನೀವಿಬ್ಬರೂ ಬರ್ರಿ."

ಮೈಲಮ್ಮ ಹ್ಞೂಂ ಅಂದಳು. ಬೇರೇನು ಅನ್ನುವುದು?

ಧನಮಾಯಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ನಾ ಬರಂಗಿಲ್ಲ."

"ಬರಲಿಲ್ಲಂದ್ರ ಏನು ಹೇಳ್ಲಿ?"

"ಬಾಯಿಲೆ ಅಂದೆ, ಅತ್ತಿ. ಎಲ್ಲಾರ ಮುಂದ ಅಂದೆ. ಈಗ ಅನ್ನ ಇಡು ಅಂತೀರಿ. ನಮ್ಮ ಕಡಿನೂ ಸತ್ತವರಿಗೆ ಅನ್ನ ಇಡ್ತೀವಿ. ಬದುಕಿದ ಅವ್ವಗ ನಾ ಹ್ಯಾಂಗ ಇಡ್ಲಿ?"

"ಮನಸಿನ್ಯಾಗ ಬ್ಯಾರೆ ಯಾರನ್ನಾರ ನೆನಸ್ಕೊ" ಅಂದಳು ಮೈಲಮ್ಮ. ಅವಳ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. "ಬಟ್ಟಿ ತಗದಾರ, ಮಂದಿಗೆ ಹೇಳ್ಯಾರ. ಈಗ ಬಿಟ್ರ ಅಖಿಲಾನ್ನ ಯಾರೂ ಕೇಳಂಗಿಲ್ಲ. ನಾನರ ಏನು ಮಾಡ್ಲೆ? ಜೀರಿಗಿ ಬಾಯಾಗ ಬಂತು, ಅಂದೆ. ನುಂಗಾಕ ಬರವಲ್ದು, ಉಗಳಾಕ ಬರವಲ್ದು."

ಅಖಿಲಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಈ ಸಲ ಅವಳು ಬೇಡಲಿಲ್ಲ. ಬೇಡದೆ ಇದ್ದದ್ದೇ ಧನಮಾಯಾಳಿಗೆ ಹೆಚ್ಚು ಭಾರವಾಯಿತು.

ಅಮಾವಾಸ್ಯೆಯ ದಿನ ಅತ್ತೆ ಸೊಸೆ ಮೊದಲ ಬಸ್ಸಿಗೆ ಗದ್ವಾಲಕ್ಕೆ ಹೋಗಿ ಅಲ್ಲಿಂದ ಗಟ್ಟಿನ ಬಸ್ಸು ಹಿಡಿದರು. ಮಹಾಂತಮ್ಮನ ಪಡಸಾಲೆಯಲ್ಲಿ ಕಂಬಳಿ ಹಾಸಿ, ಕಳಸ ಇಟ್ಟು, ಅರಿಶಿನದ ಭಂಡಾರ ಚೆಲ್ಲಿ, ಹಿರಿಯರ ಧೋತರ ಸೀರೆಗಳನ್ನು ಮಡಿಸಿಟ್ಟಿದ್ದರು. ಸಾಲಿನ ಕೊನೆಗೆ ಹೊಸ ಹಸಿರು ಸೀರೆಯೊಂದಿತ್ತು. ಎಲೆಗಳ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಕೊನೆಯ ಎಲೆಗೆ ಧನಮಾಯಾಳ ಕೈಯಲ್ಲೇ ಬಡಿಸಿದರು.

ಭೀಮಯ್ಯ ಒಂದೊಂದೇ ಹೆಸರು ಕರೆಯುತ್ತ ನೀರು ಬಿಟ್ಟ. ಅಪ್ಪ, ಅಜ್ಜ, ಅಜ್ಜಿ, ಸಣ್ಣಂದಿನಲ್ಲೇ ಹೋದ ತಮ್ಮ. "ಬಾ, ಉಂಡು ಹೋಗು." ಕೊನೆಯ ಎಲೆಯ ಹತ್ತಿರ ಬಂದು ನಿಂತ.

"ನಿಮ್ಮವ್ವನ ಹೆಸರೇನು ಮಗಾ?"

ಮಕ್ತಲ್‌ಗೆ ಬಂದ ಮೇಲೆ ಧನಮಾಯಾಳನ್ನು ಜನ ಕೇಳದ ಪ್ರಶ್ನೆ ಇರಲಿಲ್ಲ. ನಾಯಿ ತಿನ್ನುವುದನ್ನು ಕೇಳಿದ್ದರು, ಸ್ವೆಟರ್ ಕೇಳಿದ್ದರು, ತಾಯಿ ಸತ್ತದ್ದು ಹೇಗೆಂದು ಕೇಳಿದ್ದರು. ತಾಯಿಯ ಹೆಸರನ್ನು ಯಾರೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ. ಆ ಪ್ರಶ್ನೆ ಬಂದದ್ದು ಇಲ್ಲಿ, ಸತ್ತವರ ಸಾಲಿನ ಮುಂದೆ.

ಸುಳ್ಳಿನ ಪಾಠದಲ್ಲಿ ಹೆಸರೊಂದು ಬಿಟ್ಟುಹೋಗಿತ್ತೆಂದು ಮೈಲಮ್ಮನಿಗೆ ಆಗ ಹೊಳೆಯಿತು. ಏನಾದರೊಂದು ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಧನಮಾಯಾ ಹೇಳಿದಳು, ಸ್ಪಷ್ಟವಾಗಿ.

"ಮೈಲಮ್ಮ."

ಭೀಮಯ್ಯ ನೀರಿನ ಕೈ ತಡೆದು ಮೈಲಮ್ಮನ ಕಡೆ ನೋಡಿದ.

"ಅಯ್ಯ, ಅತ್ತಿ ಹೆಸರೂ ಅದ, ಅವ್ವನ ಹೆಸರೂ ಅದ!" ಅಂದಳು ಮಹಾಂತಮ್ಮ. "ಮೈಲಾರ ದೇವ್ರ ಒಕ್ಕಲಾಗ ಮನಿಗೊಬ್ಬಾಕಿ ಮೈಲಮ್ಮ ಇರಾಕ ಬೇಕು ಬಿಡ್ರಿ." ಎಲ್ಲರಿಗೂ ಅದು ಸರಿ ಅನ್ನಿಸಿತು.

ಭೀಮಯ್ಯ ನೀರು ಬಿಟ್ಟ. "ಮೈಲಮ್ಮ, ಬಾ ತಾಯಿ. ಹಸಿದಿ. ಉಂಡು ಹೋಗು. ಮೈಲಮ್ಮ, ಬಾ. ಮೈಲಮ್ಮ, ಬಾ."

ಮೈ ತುಂಬ ಸೆರಗು ಹೊದ್ದು ಮೈಲಮ್ಮ ಕಂಬಕ್ಕೆ ಆತುಕೊಂಡಳು. ಅಲ್ಲ ಅನ್ನಬೇಕು, ಅಂದರೆ ಮಗಳ ಲಗ್ನ ಮುರಿಯಿತು. ಸುಮ್ಮನಿದ್ದರೆ ತನ್ನ ಹೆಸರಿನ ಎಡೆ. ಸುಮ್ಮನಿದ್ದಳು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಒಳಗೆ ಸತ್ತವರು ಉಣ್ಣುತ್ತಿದ್ದರು. ಮೈಲಮ್ಮ ತನ್ನ ಮೊಣಕೈಯನ್ನು ತಾನೇ ಹಿಡಿದುಕೊಂಡು ಕೂತಿದ್ದಳು.

ಆಮೇಲೆ ಎಲ್ಲ ಎಲೆಗಳಿಂದ ಒಂದೊಂದು ತುತ್ತು ಮಾಳಿಗೆಯ ಮೇಲೆ ಇಟ್ಟರು. ಕಾಗೆ ಬಂದು ಸುತ್ತ ನೋಡಿ, ನೇರ ಕೊನೆಯ ತುತ್ತಿಗೇ ಬಾಯಿ ಹಾಕಿತು.

"ನೋಡಿದ್ಯಾ ಮಗಾ!" ಮಹಾಂತಮ್ಮ ಕಣ್ಣೊರೆಸಿಕೊಂಡಳು. "ನಿಮ್ಮವ್ವ ಎಷ್ಟು ಹಸಿದಿದ್ಲು! ಇನ್ನು ವರ್ಷಾ ಇಡೋಣು, ತಪ್ಪಿಸಬಾರದು." ಹಸಿರು ಸೀರೆಯನ್ನು ಎತ್ತಿ ಮೈಲಮ್ಮನ ಕೈಗೆ ಕೊಟ್ಟಳು. "ತೀರಿದಾಕಿ ಸೀರಿ ತಾಯಿ ಸ್ಥಾನದಾಕಿ ಉಡಬೇಕು. ಈಗ ಈಕಿಗೆ ತಾಯಿ ನೀವ."

ಊಟಕ್ಕೆ ಕೂತಾಗ ಆ ಎಲೆಯ ಹೋಳಿಗೆ ಮೈಲಮ್ಮನ ಪಾಲಿಗೇ ಬಂತು. ಉಂಡಳು. ಎರಡು ತಂಬಿಗೆ ನೀರು ಕುಡಿದಳು.

ಮರಳುವಾಗ ಜೂರಾಲ ಕಟ್ಟೆಯ ಮೇಲೆ ಬಸ್ಸು ಕುರಿ ಹಿಂಡಿಗಾಗಿ ನಿಂತಿತು. ಮೈಲಮ್ಮನ ತೊಡೆಯ ಮೇಲೆ ಸೀರೆಯ ಚೀಲ.

"ಯಾಕ ನನ್ನ ಹೆಸರು ಹೇಳಿದಿ?"

"ನಾನ ನಿನ್ನವ್ವ ಅಂದಿದ್ರಿ, ಅತ್ತಿ."

"ಸಾಯಲಿ ಅಂತ ಅಂದಿ?"

"ಇಲ್ಲ." ಧನಮಾಯಾ ಕಿಟಕಿಯ ಕಡೆಯಿಂದ ತಿರುಗಿದಳು. ಅವಳ ಮುಖದಲ್ಲಿ ವ್ಯಂಗ್ಯವಿರಲಿಲ್ಲ. "ಬದುಕಿದಾಕಿನ್ನ ಸತ್ತಾಳ ಅಂದ್ರ ಆಯುಷ್ಯ ಹೆಚ್ಚತೈತಿ ಅಂತ ನೀವ ಹೇಳಿದ್ರಿ."

ಕುರಿಗಳು ದಾಟಿದವು. ಕಂಡಕ್ಟರ್ ಟಿಕೆಟ್ ಕೇಳಿದಾಗ ಮೈಲಮ್ಮ, ತಾನು ಕಾಣಿಸುತ್ತಿದ್ದೇನೆ ಎಂಬುದಕ್ಕೇ ಸಮಾಧಾನಪಟ್ಟವಳಂತೆ ಅವನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಅಖಿಲಾ ರೊಟ್ಟಿ ಬಡಿಯುತ್ತಿದ್ದಳು. ಮೈಲಮ್ಮ ಜೋಳದ ಡಬ್ಬಿಗೆ ಕೈ ಹಾಕಿ ಫೋನು ತೆಗೆದು, ಸೆರಗಿನಿಂದ ಜೋಳದ ಧೂಳು ಒರೆಸಿ, ಚಾರ್ಜಿಗೆ ಹಾಕಿದಳು. ಒಂದಷ್ಟು ಚಾರ್ಜ್ ಏರಿದ ಮೇಲೆ ಸೊಸೆಯನ್ನು ಕರೆದಳು.

"ಹಚ್ಚು, ನಿಮ್ಮವ್ವಗ."

ಧನಮಾಯಾ ಮಿಸುಕಲಿಲ್ಲ.

"ಹಚ್ಚು ಅಂದೆ. ಮೊದಲ ಹೇಳು, ಆಕಿ ಹೆಸರೇನು?"

"ಸುಕಮಾಯಾ."

"ಸುಕಮಾಯಾ" ಮೈಲಮ್ಮ ಒಮ್ಮೆ ಅಂದು ನೋಡಿದಳು. ಹೆಸರು ಬಾಯಲ್ಲಿ ನಿಂತಿತು.

ಧನಮಾಯಾ ಹಿತ್ತಲಿಗೆ ಹೋಗುವವಳಿದ್ದಳು. ಮೈಲಮ್ಮ ಕೈ ಹಿಡಿದು ಮುಂಬಾಗಿಲ ಕಟ್ಟೆಯ ಮೇಲೆ ಕೂರಿಸಿದಳು. ಆ ಕಡೆಯಿಂದ ದನಿ ಬಂದದ್ದೇ ತಡ, ಮೂರು ತಿಂಗಳಿಂದ ಕಟ್ಟಿಕೊಂಡಿದ್ದ ಮಾತು ಧನಮಾಯಾಳ ಬಾಯಿಂದ ಅವಳ ಭಾಷೆಯಲ್ಲೇ ಹರಿಯಿತು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಓಣಿಗೆಲ್ಲ ಕೇಳಿಸಿತು.

ಪೆಂಟಮ್ಮ ಕೊಡ ಕೆಳಗಿಟ್ಟು ಗೋಡೆಗೆ ಬಂದಳು. "ಎಡಿ ಚಲೋ ಆತಂತ, ಅಕ್ಕ ಫೋನ್ ಮಾಡಿದ್ಲು... ಇದೇನು ಮಾತು ಮಾಯವ್ವ ಆಡಾಕತ್ತಿದ್ದು? ಯಾರ ಫೋನು?"

ಮೈಲಮ್ಮ ಒಳಗೆ ನೋಡಿದಳು. ಅಖಿಲಾಳ ಬೆನ್ನು ಕಾಣುತ್ತಿತ್ತು. ಈ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಗಟ್ಟು ಮುಟ್ಟುತ್ತದೆ, ಅದು ಅವಳಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

"ನಮ್ಮ ಬೀಗತಿದು" ಅಂದಳು ಮೈಲಮ್ಮ. "ಮಾಯವ್ವನ ತಾಯಿ. ಸುಕಮಾಯಾ ಅಂತ ಹೆಸರು. ನೇಪಾಳದಾಗ ಇರ್ತಾಳ."

"ಸತ್ತಾಳ ಅಂದಿದ್ದಿ? ನಿನ್ನೆ ಎಡಿ ಇಟ್ಟು ಬಂದೀರಿ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಆಕಿ ಅದಾಳ, ಪೆಂಟಮ್ಮ" ಅಂದಳು ಮೈಲಮ್ಮ. "ನಾನೂ ಅದೀನಿ."